‘ಮರೆವು’ ಎಂಬ ಬಾಬ್ತು

ಉಡುಪಿಗೆ ಎರಡು ಹರದಾರಿ ದೂರದ ಒಂದು ಗ್ರಾಮದಲ್ಲಿ ಸಣ್ಣದೊಂದು ದಿನಸಿ ಅಂಗಡಿಯನ್ನಿಟ್ಟುಕೊಂಡಿದ್ದ ನಮ್ಮ ಅಜ್ಜನವರು, ಪ್ರತಿ ವರ್ಷವೂ ಬಲಿಪಾಡ್ಯಮಿಯ ದಿನ ಕೆಂಪು ಬಟ್ಟೆಯ ರಟ್ಟು ಹಾಕಿದ ಎರಡು ಹೊಸ ಪುಸ್ತಕಗಳಿಗೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಹಾಳೆಯ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು, ಅಂದಿನಿಂದ ಮುಂದಿನ ದೀಪಾವಳಿಯವರೆಗೆ ಒಂದು ರಾತ್ರಿಯೂ ತಪ್ಪದೆ ಅವುಗಳಲ್ಲಿ ಜಮಾ-ಖರ್ಚು ಬರೆಯುತ್ತಿದ್ದರು. ಒಂದು ಅಂಗಡಿಯದು, ಇನ್ನೊಂದು ಮನೆಯದು. ಅಂಗಡಿಯ ಗಲ್ಲೆಯ ಹಣ ತಮ್ಮದೇ ಆಗಿದ್ದರೂ ಅದಕ್ಕೆ ಮನೆಯವರು ಕೈ ಹಾಕುವುದು ಅವರಿಗೆ ಸರ್ವಥಾ ಸಮ್ಮತವಾಗಿರಲಿಲ್ಲ. ಅಡುಗೆಗೆ ಬೆಲ್ಲ ಸಾಲದೆ ಬಂದು ಅಜ್ಜಿ ಅಂಗಡಿಯಿಂದ ಅರ್ಧ ಸೇರು ತರಿಸಿಕೊಂಡರೆ, ಅದು ಅಂಗಡಿಯ ಪುಸ್ತಕದಲ್ಲಿ ‘ಮನೆಯವರಿಗೆ ಮಾರಿದ್ದು’ ಎಂದೂ ಮನೆಯ ಪುಸ್ತಕದಲ್ಲಿ ‘ಅಂಗಡಿಗೆ ಕೊಡತಕ್ಕದ್ದು’ ಎಂದೂ ಎರಡು ಕಡೆ ದಾಖಲಾಗುತ್ತಿತ್ತು. ತಿಂಗಳಿಗೊಮ್ಮೆ, ಊರಿನ ಇತರ ಗಿರಾಕಿಗಳಂತೆಯೇ, ಅಜ್ಜನವರು ತಮಗೆ ತಾವೇ ಬಾಕಿಯನ್ನು ಸಲ್ಲಿಸಿ ರುಜು ಹಾಕುತ್ತಿದ್ದರು. ಹುಡುಗರಾದ ನಮಗೆ ಅದೊಂದು ವಿನೋದ. ವ್ಯಾಪಾರದ ಹಣವನ್ನೂ ಸಂಸಾರದ ಹಣವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಎರಡನ್ನೂ ಕಳೆದುಕೊಂಡವರನ್ನು ಮುಂದೆ ಬೇಕಾದಷ್ಟು ಮಂದಿ ಕಂಡಮೇಲೆ ಆ ವಿನೋದದ ಅರ್ಥ ತಿಳಿಯಿತು.

ಆದರೆ ಆ ಪುಸ್ತಕಗಳಲ್ಲಿ ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಅಕ್ಕಿ, ಎಣ್ಣೆ, ಔಷಧ, ದೇವಸ್ಥಾನ, ನೆಂಟರು ಎಂದು ಕ್ರಮವಾಗಿ ಬರುವ ಬಾಬ್ತುಗಳ ಕಡೆಯಲ್ಲಿ, ಮನೆಯ ಪುಸ್ತಕದ ಬಹುತೇಕ ಎಲ್ಲ ಪುಟಗಳಲ್ಲಿಯೂ, ‘ಮರೆವು’ ಎಂಬ ಒಂದು ಬಾಬ್ತು ಇದೆ. ರಾತ್ರಿ ಊಟವಾದಮೇಲೆ ಪೆಟ್ಟಿಗೆಯ ಚಿಲ್ಲರೆಯನ್ನು ಎಣಿಸಿ ಆಖೈರು ಶಿಲ್ಕನ್ನು ಪುಸ್ತಕದ ಲೆಕ್ಕಕ್ಕೆ ಹೋಲಿಸಿದಾಗ ಎರಡಾಣೆಯೋ ಮೂರಾಣೆಯೋ ಕಡಮೆ ಬಿದ್ದರೆ, ಎಷ್ಟು ಯೋಚಿಸಿದರೂ ಅದು ಎಲ್ಲಿ ಹೋಯಿತೆಂದು ಹೊಳೆಯದಿದ್ದರೆ, ಅವರು ಬಾಳೆಹಣ್ಣಿನ ಲೆಕ್ಕಕ್ಕೋ ತರಕಾರಿಯ ಲೆಕ್ಕಕ್ಕೋ ಅದನ್ನು ಸೇರಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ‘ಮರೆವು, 3 ಆಣೆ’ ಎಂದು ಬರೆದು ದೀಪ ಆರಿಸುತ್ತಿದ್ದರು. ವರ್ಷದ ಕೊನೆಗೆ ಅದರ ಮೊತ್ತವನ್ನೂ ಕೂಡಿಸುತ್ತಿದ್ದರು. ನನ್ನಲ್ಲಿ ಉಳಿದಿರುವ ಒಂದು ಪುಸ್ತಕದಲ್ಲಿ ಆ ಮೊತ್ತ 11 ರೂಪಾಯಿ 4 ಆಣೆ. ಅದೇ ವರ್ಷ ಮನೆಯ ಉಪ್ಪಿಗೆ ತಗುಲಿದ್ದು ಅದಕ್ಕಿಂತ ಕಡಮೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಮೇಲೆ ಕೆಲವು ವಾರಗಳ ಕಾಲ ಈ ಬಾಬ್ತು ಉಬ್ಬಿಕೊಂಡಿರುವುದು ಕಾಣುತ್ತದೆ. ಆಣೆಗೆ ಆರು ಪೈಸೆಯಂತೆ ಲೆಕ್ಕ ಹಾಕಿದರೆ ಹದಿನಾರಾಣೆಗೆ ತೊಂಬತ್ತಾರೇ ಪೈಸೆ, ಉಳಿದ ನಾಲ್ಕು ಪೈಸೆ ಎಲ್ಲಿ ಹೋಯಿತೆಂಬುದು ಅಂದು ದೇಶದ ಸಮಸ್ತ ಅಂಗಡಿಕಾರರನ್ನೂ ಕಾಡಿದ ಪ್ರಶ್ನೆಯಾಗಿತ್ತು.

ಈಗ ನಾಣ್ಯವನ್ನು ಎಣಿಸುವವರಿಲ್ಲ. 2016ರಲ್ಲಿ ಯುಪಿಐ ಬಂದಂದಿನಿಂದ ಎಳನೀರಿನ ಗಾಡಿಯವನಿಗೆ ಕೊಡುವ ಹಣವೂ ದೂರವಾಣಿಯ ಮೂಲಕ ಹೋಗುತ್ತದೆ. ಅಂಗಡಿಯ ಮೂಲೆಯಲ್ಲಿ ಕುಳಿತ ಪುಟ್ಟ ಪೆಟ್ಟಿಗೆಯೊಂದು ಬಂದ ಮೊತ್ತವನ್ನು ಊರಿಗೆಲ್ಲ ಕೇಳಿಸುವಂತೆ ಸಾರುತ್ತದೆ. ದಿನ, ಗಳಿಗೆ, ಪಡೆದವನ ಹೆಸರು ಸಮೇತವಾಗಿ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ ಯಂತ್ರವೇ ಬರೆದಿಡುತ್ತಿರುವಾಗ ಮರೆವಿಗೆ ಎಡೆಯೇ ಇರಬಾರದಷ್ಟೆ. ಆದರೂ ಕಳೆದ ವರ್ಷ ಒಂದು ತಿಂಗಳ ಮಟ್ಟಿಗೆ, ಅಜ್ಜನವರ ಪದ್ಧತಿಯಂತೆ, ದೂರವಾಣಿಯನ್ನು ನೋಡದೆ ನೆನಪಿನಿಂದಲೇ ಪ್ರತಿರಾತ್ರಿ ಖರ್ಚನ್ನು ಬರೆದು, ತಿಂಗಳ ಕೊನೆಗೆ ಅದನ್ನು ಬ್ಯಾಂಕಿನ ಪಟ್ಟಿಗೆ ಹೋಲಿಸಿ ನೋಡಿದಾಗ, ನನ್ನ ಮರೆವಿನ ಬಾಬ್ತು ಸಂಬಳದ ಹತ್ತನೆಯ ಒಂದು ಪಾಲನ್ನು ಮೀರಿತ್ತು. ಅದರಲ್ಲಿ ನಾನು ಎಂದೂ ನೋಡದ ಚಲನಚಿತ್ರಗಳ ಮಾಸಿಕ ಚಂದಾ ಇತ್ತು. ಮನೆಯಿಂದ ನೂರು ಹೆಜ್ಜೆಯ ದೂರದಲ್ಲಿ ಸಿಗುವ ತಿಂಡಿಯನ್ನು ಬಾಗಿಲಿಗೆ ತರಿಸಿಕೊಂಡದ್ದಕ್ಕೆ ತೆತ್ತ ಕೂಲಿ ಇತ್ತು. ಯಂತ್ರವು ಬರೆದದ್ದನ್ನು ಯಾರೂ ಓದದಿದ್ದಲ್ಲಿ ಅದು ಬರೆಯದಿದ್ದಂತೆಯೇ ಸರಿ. ಕೈಯಿಂದ ನೋಟು ಬಿಡುವಾಗ ಬೆರಳಿಗೆ ಆಗುತ್ತಿದ್ದ ಒಂದು ಸಣ್ಣ ನೋವು ಅಜ್ಜನ ಕಾಲದ ಮಿತವ್ಯಯಕ್ಕೆ ಅರ್ಧ ಆಧಾರವಾಗಿತ್ತು. ಆ ನೋವು ಈಗ ಇಲ್ಲ.

ಉಳಿತಾಯದ ವಿಷಯದಲ್ಲಿ ನಮ್ಮ ಕರಾವಳಿಯು ಭಾರತಕ್ಕೆ ಕಲಿಸಿದ ಒಂದು ಪಾಠವುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1906ನೆಯ ಇಸವಿಯಲ್ಲಿ, ಒಂದೇ ವರ್ಷದ ಅವಧಿಯಲ್ಲಿ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ನನ್ನೂ, ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನೂ ಸ್ಥಾಪಿಸಿದರು. ಮೊದಲನೆಯದು ಕಾರ್ಪೊರೇಷನ್ ಬ್ಯಾಂಕೆಂದೂ ಎರಡನೆಯದು ಕೆನರಾ ಬ್ಯಾಂಕೆಂದೂ ಮುಂದೆ ಪ್ರಸಿದ್ಧವಾದುವು. ಉಡುಪಿಯ ಸಂಸ್ಥೆಯು ಬಾಗಿಲು ತೆರೆದ ಮೊದಲ ದಿನದ ಸಂಜೆ ಅದರಲ್ಲಿ ಸಂಗ್ರಹವಾಗಿದ್ದ ಮೊತ್ತ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟ ಗುಮಾಸ್ತನ ಬಗ್ಗೆ ನನಗೆ ಅಪಾರ ಗೌರವವಿದೆ. ಇದಕ್ಕೆ ಒಂದು ವರ್ಷ ಮೊದಲು, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಬೇಕಾದರೆ ಸಣ್ಣವರ ಸಣ್ಣ ಹಣಗಳು ಒಂದೆಡೆ ಕೂಡಬೇಕೆಂಬ ಒಂದೇ ವಿಚಾರವು ಘಟ್ಟದ ಮೇಲೆಯೂ ಕೆಳಗೆಯೂ ಏಕಕಾಲದಲ್ಲಿ ಮೊಳೆಯಿತು.

ಇಪ್ಪತ್ತು ವರ್ಷಗಳ ತರುವಾಯ, 1925ರಲ್ಲಿ, ಕೈಮಗ್ಗದ ಉದ್ಯಮವು ಕುಸಿದು ನೇಕಾರರು ಸಂಕಟದಲ್ಲಿದ್ದಾಗ, ಉಪೇಂದ್ರ ಅನಂತ ಪೈ, ವಾಮನ ಕುಡ್ವ, ವೈದ್ಯರಾದ ಡಾ. ಟಿ.ಎಂ.ಎ. ಪೈ ಎಂಬ ಮೂವರು ಎಂಟು ಸಾವಿರ ರೂಪಾಯಿಗಳ ಬಂಡವಾಳದೊಂದಿಗೆ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ಆ ಬ್ಯಾಂಕು 1928ರಲ್ಲಿ ‘ಪಿಗ್ಮಿ’ ಠೇವಣಿಯೆಂಬ ಒಂದು ವಿಚಿತ್ರ ಯೋಜನೆಯನ್ನು ಹೊರಡಿಸಿತು. ಗ್ರಾಹಕನು ಬ್ಯಾಂಕಿಗೆ ಹೋಗಬೇಕಾದುದಿಲ್ಲ. ಬ್ಯಾಂಕಿನ ಪ್ರತಿನಿಧಿಯೇ ಪ್ರತಿದಿನ ಮನೆಗೋ ಅಂಗಡಿಗೋ ಬಂದು, ಎರಡಾಣೆಯಾದರೆ ಎರಡಾಣೆ, ಕೊಟ್ಟಷ್ಟನ್ನು ಪಡೆದು ಬರೆದುಕೊಂಡು ಹೋಗುತ್ತಿದ್ದನು. ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ ಕೂಡುತ್ತದೆ, ಬಡ್ಡಿ ಬೇರೆ. ಪಿಗ್ಮಿ ಎಂದರೆ ಕುಬ್ಜ. ಬಲಿಪಾಡ್ಯಮಿಯ ದಿನ ಲೆಕ್ಕದ ಪುಸ್ತಕವನ್ನು ತೆರೆಯುತ್ತಿದ್ದ ಅಜ್ಜನವರಿಗೆ ಈ ಹೆಸರು ಬಹಳ ಹಿಡಿಸಿತ್ತು. “ಮೂರು ಹೆಜ್ಜೆ ಕೇಳಿದವನೂ ಗಿಡ್ಡನೇ ಅಲ್ಲವೆ?” ಎಂದು ಸಂಗ್ರಾಹಕನನ್ನು ಕಂಡಾಗಲೆಲ್ಲ ನಗುತ್ತಿದ್ದರಂತೆ.

ಆ ಸಂಗ್ರಾಹಕನನ್ನು ನಾನೂ ನೋಡಿದ್ದೇನೆ. ಖಾಕಿ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಮಳೆಗಾಲದಲ್ಲಿ ಕೊಡೆಯನ್ನು ಸೈಕಲ್ಲಿನ ಹಿಡಿಗೆ ಕಟ್ಟಿಕೊಂಡು, ಅವನು ಬರುತ್ತಿದ್ದುದು ಸಾಯಂಕಾಲ ಏಳು ಗಂಟೆಯ ಹೊತ್ತಿಗೆ. ಏಳೇ ಗಂಟೆಗೆ ಏತಕ್ಕೆ ಬರುತ್ತಿದ್ದನೆಂಬುದು ಮುಖ್ಯ. ಅಂಗಡಿಯವನ ಗಲ್ಲೆಯಲ್ಲಿ ದಿನದ ವ್ಯಾಪಾರದ ಹಣ ತುಂಬಿರುವ, ಆದರೆ ಅದು ಇನ್ನೂ ಮನೆಗೆ ಹೋಗಿರದ ವೇಳೆ ಅದು. ಮೀನು ಮಾರುವವಳ ಬಳಿಗೆ ಅವನು ಹೋಗುತ್ತಿದ್ದುದು ಬೆಳಗ್ಗೆ ಹತ್ತಕ್ಕೆ, ಬುಟ್ಟಿ ಬರಿದಾದೊಡನೆ. ಬೀಡಿ ಕಟ್ಟುವವರ ಮನೆಗೆ, ಕೂಲಿ ಬಟವಾಡೆಯಾಗುವ ದಿನ. ಪಿಗ್ಮಿಯ ಗುಟ್ಟು ಬಡ್ಡಿಯ ದರದಲ್ಲಿ ಇರಲಿಲ್ಲ. ಅದು ಎಂದೂ ಅಷ್ಟೇನೂ ಆಕರ್ಷಕವಾದ ದರವಲ್ಲ. ಹಣವು ಕೈಯಲ್ಲಿರುವ ಗಳಿಗೆಯನ್ನು ಅರಿತು ಆ ಗಳಿಗೆಯಲ್ಲಿ ಬಾಗಿಲು ತಟ್ಟುವ ಒಬ್ಬ ಮನುಷ್ಯನಿದ್ದನೆಂಬುದರಲ್ಲಿ ಅದರ ಗುಟ್ಟಿತ್ತು. ಉಳಿತಾಯವನ್ನು ನಾವು ಶೀಲದ ಪ್ರಶ್ನೆಯೆಂದು ತಿಳಿದು, ಉಳಿಸಲಾರದವನನ್ನು ದುಂದುಗಾರನೆಂದು ನಿಂದಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಬಹುಮಟ್ಟಿಗೆ ವೇಳೆಯ ಪ್ರಶ್ನೆ. ತಿಂಗಳ ಮೂವತ್ತನೆಯ ತಾರೀಖು ಮಿಕ್ಕಿದ್ದನ್ನು ಉಳಿಸುತ್ತೇನೆಂದು ಹೊರಟವನಿಗೆ ಮಿಗುವುದು ಏನೂ ಇರುವುದಿಲ್ಲ. ಒಂದನೆಯ ತಾರೀಖಿನಂದೇ ಎತ್ತಿಟ್ಟವನಿಗೆ, ಎತ್ತಿಟ್ಟದ್ದು ಕಡಮೆಯಾಯಿತೆಂಬ ಅರಿವು ಐದನೆಯ ತಾರೀಖಿನ ಹೊತ್ತಿಗೆ ಮಾಸಿಹೋಗಿರುತ್ತದೆ.

ಈ ವೇಳೆಯ ಮರ್ಮವನ್ನು ಉಳಿಸುವವರಿಗಿಂತ ಸಾಲ ಕೊಡುವವರು ಚೆನ್ನಾಗಿ ಅರಿತಿದ್ದಾರೆ. ಮನೆಯ ಸಾಲದ, ವಾಹನದ ಸಾಲದ, ಕಂತಿನಲ್ಲಿ ಕೊಂಡ ದೂರದರ್ಶನದ ಹಣವು ಸಂಬಳ ಜಮಾ ಆದ ಎರಡು ಮೂರು ದಿನಗಳಲ್ಲಿಯೇ ಖಾತೆಯಿಂದ ತಾನಾಗಿ ಕತ್ತರಿಸಲ್ಪಡುವಂತೆ ಅವರು ಏರ್ಪಡಿಸಿಕೊಂಡಿರುತ್ತಾರೆ. ಅದೇ ಏರ್ಪಾಟನ್ನು ನಾವು ನಮ್ಮ ಪಾಲಿಗೂ ಮಾಡಿಕೊಳ್ಳಬಾರದೇಕೆ? ಆವರ್ತ ಠೇವಣಿಗೋ ಸಾರ್ವಜನಿಕ ಭವಿಷ್ಯನಿಧಿಗೋ ಹೋಗಬೇಕಾದ ಹಣವು ಸಂಬಳದ ಮರುದಿನವೇ ಹೋಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಆಯಿತು. ಸೈಕಲ್ಲಿನ ಸಂಗ್ರಾಹಕನಿಲ್ಲದೆಯೇ ಪಿಗ್ಮಿ ನಡೆಯುತ್ತದೆ. ತೋಟದವರ ಪರಿಸ್ಥಿತಿ ಬೇರೆ. ವರ್ಷಕ್ಕೊಮ್ಮೆ ಅಡಕೆ ಮಂಡಿಗೆ ಹೋದಾಗ ಬರುವ ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿಕೊಳ್ಳಬೇಕಾದ ಅವರಿಗೆ, ಹಿಂದಿನ ವರ್ಷ ಮಂಡಿಯಿಂದ ತಂದ ಮುಂಗಡವು ಫಸಲಿಗೆ ಮುಂಚೆಯೇ ಫಸಲನ್ನು ತಿಂದಿರುತ್ತದೆ. ಇಂಥವರಿಗೆ ಉಳಿತಾಯದ ಮೊದಲ ಮೆಟ್ಟಲು ಠೇವಣಿಯಲ್ಲ. ಒಂದು ವರ್ಷವಾದರೂ ಮುಂಗಡವಿಲ್ಲದೆ ಬದುಕುವುದು.

ಸಾಲದ ಗಣಿತವನ್ನು ಶಾಲೆಯಲ್ಲಿ ಕಲಿಸುತ್ತಾರೆ, ಆದರೆ ಭಯ ಹುಟ್ಟುವಂತೆ ಕಲಿಸುವುದಿಲ್ಲ. ಎಪ್ಪತ್ತೆರಡನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣವು ಇಮ್ಮಡಿಯಾಗಲು ಬೇಕಾದ ಕಾಲ ಸುಮಾರಾಗಿ ದೊರೆಯುತ್ತದೆ: ಶೇಕಡ ಎಂಟರ ಚಕ್ರಬಡ್ಡಿಯಲ್ಲಿ ಒಂಬತ್ತು ವರ್ಷ, ಶೇಕಡ ಆರರಲ್ಲಿ ಹನ್ನೆರಡು ವರ್ಷ. ಹಳ್ಳಿಯ ಲೇವಾದೇವಿಗಾರರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಬಡ್ಡಿ ವಸೂಲು ಮಾಡುತ್ತಿದ್ದರೆಂದು ಓದಿ ನಾವು ಮರುಗುತ್ತೇವೆ. ಅದೇ ಮರುಕವನ್ನು ಜೇಬಿನಲ್ಲಿರುವ ಕ್ರೆಡಿಟ್ ಕಾರ್ಡಿನ ಬಗೆಗೆ ಯಾರೂ ತೋರುವುದಿಲ್ಲ. ಆ ಕಾರ್ಡಿನ ಬಾಕಿಯನ್ನು ಪೂರ್ಣವಾಗಿ ತೀರಿಸದೆ ‘ಕನಿಷ್ಠ ಮೊತ್ತ’ವನ್ನು ಮಾತ್ರ ಕಟ್ಟುತ್ತ ಬಂದವನು ತೆರುವ ಬಡ್ಡಿಯೂ ಸಾಮಾನ್ಯವಾಗಿ ತಿಂಗಳಿಗೆ ಶೇಕಡ ಮೂರರಿಂದ ಮೂರೂಮುಕ್ಕಾಲರವರೆಗೆ ಇರುತ್ತದೆ. ಮೂರರಂತೆಯೇ ಹಿಡಿದರೂ ಎರಡು ವರ್ಷಕ್ಕೆ ಅಸಲು ಇಮ್ಮಡಿ. ಸಾಹುಕಾರನು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ ಬಡ್ಡಿಯನ್ನೇ ಈಗ ಹೊಳೆಯುವ ಕಾಗದದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿ ಕಳಿಸುತ್ತಾರೆ. ವಾರವಾರವೂ ಕಂತು ವಸೂಲು ಮಾಡುವ ಕಿರುಸಾಲದ ಸಂಸ್ಥೆಗಳ ಕಿರುಕುಳವು ಮೇರೆ ಮೀರಿದಾಗ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಹಾಗೆಂದು ಎಲ್ಲ ಸಾಲವೂ ಪಾಪವೆಂದು ಹೇಳಲಾರೆ. ವಾಸದ ಮನೆಗೆ, ಮಕ್ಕಳ ವಿದ್ಯೆಗೆ, ಬಾವಿಗೆ, ಮಗ್ಗಕ್ಕೆ ಮಾಡಿದ ಸಾಲವು ತನ್ನ ಬಡ್ಡಿಯನ್ನು ತಾನೇ ದುಡಿದುಕೊಳ್ಳಬಲ್ಲದು. ಛತ್ರಕ್ಕೆ ಮಾಡಿದ ಸಾಲ ದುಡಿಯುವುದಿಲ್ಲ. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರಾದರೂ, ಕಟ್ಟಿದ ಮನೆ ಮರುದಿನವೂ ನಿಂತಿರುತ್ತದೆ. ಅಜ್ಜನವರ ಪುಸ್ತಕದಲ್ಲಿ ಮದುವೆಗಳಿಗೆ ಪ್ರತ್ಯೇಕ ಹಾಳೆಗಳಿವೆ. ಅವುಗಳಲ್ಲಿ ಖರ್ಚಿನಷ್ಟೇ ಎಚ್ಚರದಿಂದ ಬಂದ ಮುಯ್ಯಿಯನ್ನೂ, ಇಂಥವರಿಂದ ಎರಡು ರೂಪಾಯಿ, ಇಂಥವರಿಂದ ಒಂದು ಹಿತ್ತಾಳೆಯ ಚೆಂಬು ಎಂದು ಬರೆದಿದ್ದಾರೆ. ಮುಯ್ಯಿ ಎಂಬುದು ಬಡ್ಡಿಯಿಲ್ಲದ ಸಾಲ. ಊರೆಲ್ಲ ಸೇರಿ ಒಂದು ಮನೆಯ ಭಾರವನ್ನು ಹೊತ್ತು, ಸರದಿಯಂತೆ ಮುಂದಿನ ಮನೆಗೆ ವರ್ಗಾಯಿಸುವ ಆ ಏರ್ಪಾಟನ್ನು ಅರ್ಥಶಾಸ್ತ್ರಜ್ಞರು ಇನ್ನೂ ಚೆನ್ನಾಗಿ ಪರಿಶೀಲಿಸಬೇಕೆಂದು ನನಗೆ ತೋರುತ್ತದೆ. ‘ಆಶೀರ್ವಾದವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚುಹಾಕಿಸಿ ನಾವು ಈ ಸಾಲವನ್ನು ತ್ಯಜಿಸಿದೆವು. ಅದರ ಸ್ಥಾನದಲ್ಲಿ ವೈಯಕ್ತಿಕ ಸಾಲವನ್ನು ಬ್ಯಾಂಕಿನಿಂದ ತಂದೆವು.

ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಆಕೆಯ ಬ್ಯಾಂಕು ಸಾಸಿವೆಯ ಡಬ್ಬಿ. ಹಾಲು, ಮಜ್ಜಿಗೆ, ತೆಂಗಿನ ಗರಿಯ ಕಸಬರಿಕೆ ಮಾರಿ ಬಂದ ಚಿಲ್ಲರೆಯು ಅಜ್ಜನವರ ಎರಡು ಪುಸ್ತಕಗಳಲ್ಲಿ ಯಾವುದಕ್ಕೂ ಸೇರದೆ ಆ ಡಬ್ಬಿಗೆ ಇಳಿಯುತ್ತಿತ್ತು. ಅದು ಅಜ್ಜನವರಿಗೆ ತಿಳಿದಿರಲಿಲ್ಲವೆಂದು ನಾನು ನಂಬುವುದಿಲ್ಲ. ತಿಳಿದೂ ತಿಳಿಯದಂತೆ ಇರುವುದೇ ಅವರ ದಾಂಪತ್ಯದ ಲೆಕ್ಕಾಚಾರವಾಗಿದ್ದಿರಬೇಕು. ಆ ಡಬ್ಬಿಯಿಂದಲೇ ನನ್ನ ತಂದೆಯವರ ಶಿಕ್ಷಕ ತರಬೇತಿಯ ಶುಲ್ಕ ಹೋಯಿತು. 2016ರ ನವೆಂಬರ್ 8ರ ರಾತ್ರಿ ಐನೂರರ ಮತ್ತು ಸಾವಿರದ ನೋಟುಗಳು ಸಲ್ಲವೆಂದು ಘೋಷಿತವಾದಾಗ, ಸಾಸಿವೆಯ ವಾಸನೆ ಹತ್ತಿದ ನೋಟುಗಳನ್ನು ಕೈಯಲ್ಲಿ ಹಿಡಿದು ಗಂಡನ ಮುಂದೆಯೋ ಮಗನ ಮುಂದೆಯೋ ನಿಲ್ಲಬೇಕಾಗಿ ಬಂದ ಹೆಂಗಸರು ಎಷ್ಟು ಮಂದಿಯೋ. ಅವರ ಹಣ ಹೋಗಲಿಲ್ಲ, ಗುಟ್ಟು ಹೋಯಿತು. ಆ ಗುಟ್ಟೇ ಆ ಹಣದ ಅರ್ಧ ಮೌಲ್ಯವಾಗಿತ್ತು. ಮನೆಯ ಯಜಮಾನಿಗೆ ಆಕೆಯ ಹೆಸರಿನಲ್ಲಿಯೇ ಒಂದು ಖಾತೆ, ಅದರ ಪುಸ್ತಕ ಆಕೆಯ ಪೆಟ್ಟಿಗೆಯಲ್ಲಿಯೇ ಇರಬೇಕೆಂದು ನಾನು ಪಟ್ಟು ಹಿಡಿದು ಹೇಳುವುದಕ್ಕೆ ಆ ರಾತ್ರಿಯೇ ಕಾರಣ.

ಗಳಿಕೆಯ ವಿಷಯದಲ್ಲಿ ನಾನು ಹೇಳಬಹುದಾದುದು ಸ್ವಲ್ಪ. ಎಷ್ಟು ಸಂಪಾದಿಸಬೇಕೆಂಬುದು ಹಲವು ವೇಳೆ ನಮ್ಮ ಅಧೀನದಲ್ಲಿ ಇರುವುದಿಲ್ಲ. ದುಡಿಮೆಗಾರನಿಗೆ ಮಿತವ್ಯಯವನ್ನು ಉಪದೇಶಿಸುವವರು ಮೊದಲು ಅವನ ಕೂಲಿಯೆಷ್ಟೆಂದು ಕೇಳಬೇಕು. ಹೊಟ್ಟೆಗೆ ಸಾಲದ ಕೂಲಿಯಿಂದ ಉಳಿಸೆನ್ನುವುದು ಪರಿಹಾಸ್ಯ. ಆದಾಯವು ಹೆಚ್ಚಿದಾಗ ಆಗುವ ಒಂದು ಅನಾಹುತವನ್ನು ಮಾತ್ರ ಸೂಚಿಸುತ್ತೇನೆ: ಸಂಬಳ ಏರಿದ ತಿಂಗಳೇ ಬಾಡಿಗೆಯ ಮನೆ ದೊಡ್ಡದಾಗುತ್ತದೆ. ಏರಿದ ಸಂಬಳದ ಅರ್ಧವನ್ನಾದರೂ, ಅದರ ರುಚಿ ನಾಲಗೆಗೆ ಹತ್ತುವ ಮೊದಲೇ, ಠೇವಣಿಯ ಕಡೆಗೆ ತಿರುಗಿಸಿದವರು ನನ್ನ ಪರಿಚಿತರಲ್ಲಿ ಇಬ್ಬರಿದ್ದಾರೆ, ಅವರಿಬ್ಬರೂ ನಿಶ್ಚಿಂತರಾಗಿದ್ದಾರೆ.

ಇಷ್ಟೆಲ್ಲ ಬರೆಯುವ ನಾನು ಮೋಸಹೋಗಿಲ್ಲವೆಂದು ಓದುಗರು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನಿಶ್ಚಿತ ಠೇವಣಿಯೊಂದನ್ನು ನವೀಕರಿಸಲೆಂದು ಒಂದು ಬ್ಯಾಂಕಿನ ಶಾಖೆಗೆ ಹೋದಾಗ, ಅಲ್ಲಿದ್ದ ವಿನಯಶೀಲನಾದ ಯುವಕನೊಬ್ಬ ಕಾಫಿ ತರಿಸಿಕೊಟ್ಟು, “ಇದೂ ಠೇವಣಿಯಂತೆಯೇ ಸರ್, ಬಡ್ಡಿ ಜಾಸ್ತಿ” ಎಂದು ಏಳೆಂಟು ಕಡೆ ರುಜು ಹಾಕಿಸಿಕೊಂಡನು. ಮನೆಗೆ ಬಂದ ದಪ್ಪ ಲಕೋಟೆಯನ್ನು ಪುಸ್ತಕದ ಕಪಾಟಿನಲ್ಲಿಟ್ಟು ಮರೆತೆ. ಮುಂದಿನ ವರ್ಷ ಅಷ್ಟೇ ಮೊತ್ತವನ್ನು ಮತ್ತೆ ಕಟ್ಟಬೇಕೆಂಬ ಸೂಚನೆ ಬಂದಾಗಲೇ ಅದು ಹತ್ತು ವರ್ಷ ಕಂತು ಕಟ್ಟಬೇಕಾದ ಜೀವವಿಮೆಯೆಂದು ಗೊತ್ತಾದದ್ದು. ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಕೊಟ್ಟಿದ್ದ ಹದಿನೈದು ದಿನಗಳ ಅವಧಿ ಎಂದೋ ಕಳೆದಿತ್ತು. ಈಗ ಆ ಅವಧಿಯನ್ನು ಮೂವತ್ತು ದಿನಗಳಿಗೆ ಏರಿಸಿದ್ದಾರೆ. ಲಕೋಟೆಯನ್ನು ಒಡೆದು ಓದುವವರಿಗೆ ಅದರಿಂದ ಪ್ರಯೋಜನವಿದೆ. ವಿಮೆ ಬೇಕಾದರೆ ವಿಮೆಯನ್ನೇ, ಠೇವಣಿ ಬೇಕಾದರೆ ಠೇವಣಿಯನ್ನೇ ಕೊಳ್ಳತಕ್ಕದ್ದೆಂಬ ವಿವೇಕವು ನನಗೆ ಒಂದು ವರ್ಷದ ಉಳಿತಾಯದ ಬೆಲೆಗೆ ದೊರೆಯಿತು. ಆ ನಷ್ಟವನ್ನು ಯಾವ ಬಾಬ್ತಿನಲ್ಲಿ ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ‘ಕಾಫಿ’ ಎಂದು ಬರೆದೆ.

ಬ್ಯಾಂಕೇ ಮುಳುಗಿದರೆ ಏನು ಗತಿಯೆಂಬ ಪ್ರಶ್ನೆ ನಮ್ಮ ಹಿರಿಯರನ್ನು ಸದಾ ಬಾಧಿಸುತ್ತಿತ್ತು, ಅದು ಅಕಾರಣವಾಗಿಯೂ ಇರಲಿಲ್ಲ. ಮೇಲೆ ಹೇಳಿದ ಕರಾವಳಿಯ ಬ್ಯಾಂಕುಗಳು ಹುಟ್ಟಿದ 1906ರಲ್ಲಿಯೇ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದು ದಕ್ಷಿಣದ ಎಷ್ಟೋ ಮಧ್ಯಮವರ್ಗದ ಸಂಸಾರಗಳ ಸಂಚಯವು ನೀರುಪಾಲಾಯಿತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಕುಸಿದಮೇಲೆ 1962ರಿಂದ ಠೇವಣಿಗಳಿಗೆ ವಿಮೆ ಬಂದಿತು. ಮೊದಲು 1,500 ರೂಪಾಯಿಗಳಷ್ಟಿದ್ದ ಆ ರಕ್ಷಣೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಸಹಿತ ಐದು ಲಕ್ಷದವರೆಗೆ ಇದೆ. ಆದಕಾರಣ ನಿವೃತ್ತಿಯ ಸಮಸ್ತ ಹಣವನ್ನೂ, ಅರ್ಧ ಶೇಕಡ ಹೆಚ್ಚು ಬಡ್ಡಿಯ ಆಸೆಗೆ, ಮನೆಯ ಪಕ್ಕದ ಒಂದೇ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಇಡುವುದು ಸರಿಯಲ್ಲ. ಹೆಸರಿನಲ್ಲಿ ‘ಬ್ಯಾಂಕ್’ ಎಂದಿಲ್ಲದ ಸೌಹಾರ್ದ ಸಂಘಗಳಿಗೆ ಈ ವಿಮೆಯ ಆಸರೆಯೂ ಇಲ್ಲ.

ಪಿಗ್ಮಿಯನ್ನು ಹುಟ್ಟಿಸಿದ ಬ್ಯಾಂಕು ಈಗ ಆ ಹೆಸರಿನಲ್ಲಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, 38 ರೂಪಾಯಿಯಿಂದ ಮೊದಲಿಟ್ಟ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ಮನೆಮನೆಗೆ ಅಲೆಯುತ್ತಿದ್ದ ಸಂಗ್ರಾಹಕರೂ ಕಾರ್ಮಿಕರೇ ಎಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ತೀರ್ಪಿತ್ತಿತು; ಆ ಹೊತ್ತಿಗೆ ನಮ್ಮ ಊರಿನ ಸೈಕಲ್ಲಿನ ಮನುಷ್ಯನು ತಿರುಗುವುದನ್ನು ನಿಲ್ಲಿಸಿದ್ದನು. ಅಜ್ಜನವರ ಪುಸ್ತಕಗಳಲ್ಲಿ ಹೆಚ್ಚಿನವು ಮನೆ ಪಾಲಾದಾಗ ರದ್ದಿಗೆ ಹೋದುವು, ನನ್ನ ಪಾಲಿಗೆ ಉಳಿದದ್ದು ಎರಡು.

ಓದುಗರಲ್ಲಿ ಒಂದು ಬಿನ್ನಹ. ಹತ್ತು ರೂಪಾಯಿಯ ಒಂದು ನೋಟ್ ಪುಸ್ತಕವನ್ನು ತಂದು ಇಂದು ರಾತ್ರಿಯೇ ಖರ್ಚನ್ನು ಬರೆಯಲು ತೊಡಗಿರಿ, ಮೊದಲು ನೆನಪಿನಿಂದ, ಆಮೇಲೆ ದೂರವಾಣಿಯನ್ನು ನೋಡಿ. ಲೆಕ್ಕ ಕೂಡದಿದ್ದರೆ ಬಲವಂತದಿಂದ ಕೂಡಿಸಲು ಹೋಗಬೇಡಿ. ‘ಮರೆವು’ ಎಂದು ಬರೆದು ದೀಪ ಆರಿಸಿರಿ. ಕಳೆದ ತಿಂಗಳ ನನ್ನದು 640 ರೂಪಾಯಿ.